ಯಾರಿಗೆ ಹೇಳೋದು?

ನಮ್ಮ ಬೀದಿಯ ತಿರುವಿನಲ್ಲಿ ಮೋರಿ ಮೇಲಿನ ಚಪ್ಪಡಿಯೊಂದು ಒಡೆದು ಆರು ತಿಂಗಳಾಗಿತ್ತು. ಯಾರೋ ಪುಣ್ಯಾತ್ಮರು ಅದರೊಳಕ್ಕೆ ಹೊಂಗೆ ಕೊಂಬೆಯೊಂದನ್ನು ಸಿಕ್ಕಿಸಿದ್ದರು. ಬೆಂಗಳೂರಿನಲ್ಲಿ ಇದ್ದವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಗುಂಡಿಯಿದೆ, ನೋಡಿಕೊಂಡು ಹೋಗಿ ಎಂದು. ಎಲೆಯೆಲ್ಲ ಒಣಗಿ ಉದುರಿದ ಮೇಲೆ ಕಡ್ಡಿ ಮಾತ್ರ ಉಳಿಯಿತು. ಆಮೇಲೆ ಇನ್ಯಾರೋ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಬೋರಲು ಹಾಕಿದರು. ಅಕ್ಟೋಬರಿನ ಒಂದು ರಾತ್ರಿ ಜೋರು ಮಳೆ ಬಂದು ಕುರ್ಚಿ ಪಕ್ಕಕ್ಕೆ ಸರಿದಿತ್ತು. ಬೆಳಗಿನ ಜಾವ ಐದು ಗಂಟೆಗೆ ಕೆ.ಆರ್. ಮಾರ್ಕೆಟ್ಟಿನಿಂದ ಹೂವಿನ ಮೂಟೆ ಹೊತ್ತು, ಬಸ್ಸಿಳಿದು ನಡೆದು ಬರುತ್ತಿದ್ದ ಹೂವಿನಜ್ಜಿಯ ಬಲಗಾಲು ಮಂಡಿಯವರೆಗೂ ಒಳಗೆ ಹೋಯಿತು.

ಕೂಗು ಕೇಳಿ ನಾನೂ ಎದುರು ಮನೆಯ ಹುಡುಗಿಯೂ ಓಡಿದೆವು. ಇಬ್ಬರೂ ಎರಡು ರಟ್ಟೆ ಹಿಡಿದು ಎಬ್ಬಿಸಿದೆವು. ಮೊಣಕಾಲ ಕೆಳಗೆ ಒಂದು ಗೇಣು ಚರ್ಮ ಸುಲಿದಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಸೇವಂತಿಗೆ ಅರ್ಧಕ್ಕರ್ಧ ಮೋರಿ ಪಾಲಾಗಿತ್ತು. ಅಜ್ಜಿ ಕಾಲಿನ ಕಡೆ ನೋಡಲೇ ಇಲ್ಲ. ಕಪ್ಪು ನೀರಿನಲ್ಲಿ ತೇಲುತ್ತಿದ್ದ ಹಳದಿ ಹೂವನ್ನೇ ನೋಡುತ್ತಿದ್ದರು. ಆ ದಿನದ ಬಂಡವಾಳವೆಲ್ಲ ಅದೇ. ನಮ್ಮ ಮನೆ ಜಗಲಿಯಲ್ಲಿ ಕೂರಿಸಿ, ಬಿಸಿನೀರಿನಲ್ಲಿ ಗಾಯ ತೊಳೆದು, ಕಾಫಿ ಕೊಟ್ಟ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಇದನ್ನ ಯಾರಿಗೆ ಹೇಳೋದಮ್ಮ?”

ನನಗೆ ಉತ್ತರ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಇದೇ ಬೀದಿಯಲ್ಲಿರುವವಳು ನಾನು. ತೆರಿಗೆ ತಪ್ಪದೆ ಕಟ್ಟಿದ್ದೇನೆ, ಪೇಪರು ಓದುತ್ತೇನೆ, ಅರ್ಜಿ ಬರೆಯಲು ಬರುತ್ತದೆ. ಆದರೂ ಒಂದು ಚಪ್ಪಡಿ ಕಲ್ಲಿಗೆ ಯಾರ ಬಾಗಿಲು ಬಡಿಯಬೇಕೆಂದು ಹೇಳಲಾಗಲಿಲ್ಲ. ಆ ನಾಚಿಕೆಯೇ ಈ ಬರಹಕ್ಕೆ ಕಾರಣ.

ಫೋನಿನಲ್ಲಿ ಮೊದಲೇ ದೂರು ಕೊಟ್ಟಿದ್ದೆ. ಎರಡನೇ ದಿನಕ್ಕೆ “ನಿಮ್ಮ ದೂರನ್ನು ಪರಿಹರಿಸಲಾಗಿದೆ” ಎಂದು ಮೆಸೇಜು ಬಂದಿತ್ತು. ಗುಂಡಿ ಮಾತ್ರ ಇದ್ದಲ್ಲೇ ಇತ್ತು. ಅಜ್ಜಿ ಬಿದ್ದ ದಿನ ಒಂದು ಕಚೇರಿಗೆ ಹೋದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿದ್ದ ಎಂಜಿನಿಯರು ಇನ್ನೂ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು, ಕೂರಿಸಿ ಮಾತಾಡಿದರು. ಅವರ ಎರಡು ಮೊಬೈಲೂ ಒಂದರ ಹಿಂದೊಂದು ಹೊಡೆದುಕೊಳ್ಳುತ್ತಿದ್ದವು. “ಮೇಡಂ, ಆ ರಸ್ತೆಯ ಎಡಗಡೆ ಮೋರಿ ಮಾತ್ರ ನಮಗೆ ಬರೋದು. ನೀವು ಹೇಳ್ತಿರೋದು ಬಲಗಡೆದು. ಅದು ಪಕ್ಕದವರದು.” ಪಕ್ಕದವರ ಹತ್ತಿರ ಹೋದರೆ ಅವರೂ ನಕ್ಷೆ ತೆಗೆದು ಎಡಗಡೆಯನ್ನು ತೋರಿಸಿದರು. ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಒಬ್ಬೊಬ್ಬರ ತಲೆ ಮೇಲೆ ಇಬ್ಬರು ಮೂವರ ಕೆಲಸವಿತ್ತು. ಆದರೆ “ಇದು ನನ್ನದು, ನಾನು ನೋಡಿಕೊಳ್ಳುತ್ತೇನೆ” ಎನ್ನಬೇಕಾದ ಮನುಷ್ಯ ಆ ಎರಡು ಮೇಜುಗಳ ನಡುವೆ ಎಲ್ಲೂ ಇರಲಿಲ್ಲ.

ಹಿಂದೆ ಇದ್ದರು. ಮೇಲಿನ ಬೀದಿಯಲ್ಲಿ, ರಾಗಿ ಮಿಲ್ಲಿನ ಪಕ್ಕ, ಹಸಿರು ಗೇಟಿನ ಮನೆ. ಬೆಳಿಗ್ಗೆ ಏಳು ಗಂಟೆಗೇ ಅಲ್ಲಿ ಜನ. ಮೆಟ್ಟಿಲ ಮೇಲೆ ನಾಲ್ಕು ಜನ, ಗೇಟಿಗೆ ಒರಗಿಕೊಂಡು ಇಬ್ಬರು, ಒಳಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ವಯಸ್ಸಾದವರು. ನೀರು ಬಂದಿಲ್ಲ, ಬೀದಿ ದೀಪ ಉರಿಯುತ್ತಿಲ್ಲ, ಕಸದ ಗಾಡಿ ಮೂರು ದಿನದಿಂದ ಬಂದಿಲ್ಲ, ಖಾತೆ ಆಗಿಲ್ಲ, ವಿಧವಾ ವೇತನ ನಿಂತಿದೆ, ಮಗನಿಗೆ ಸ್ಕೂಲ್ ಸೀಟು. ನಮ್ಮ ಕಾರ್ಪೊರೇಟರ್ ಹೆಣ್ಣುಮಗಳು. 2015ರ ಚುನಾವಣೆಯಲ್ಲಿ ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ಮೀಸಲಾಗಿದ್ದವು. ಮೊದಲ ವರ್ಷವೆಲ್ಲ ಅವರ ಗಂಡನೇ ಫೋನ್ ಎತ್ತುತ್ತಿದ್ದರು, ಅವರೇ ಮಾತಾಡುತ್ತಿದ್ದರು. ಅದು ನನಗೆ ಸರಿಬರಲಿಲ್ಲ, ಒಂದು ಸಲ ಮುಖದ ಮೇಲೇ ಹೇಳಿದೆ ಕೂಡ. ಎರಡನೇ ವರ್ಷ ಒಂದು ದಿನ ಫೋನ್ ಮಾಡಿದಾಗ ಆಕೆಯೇ ಎತ್ತಿದರು. ಮೂರನೇ ವರ್ಷದ ಹೊತ್ತಿಗೆ ಬೆಳಗಾಗೆದ್ದು ಪೌರಕಾರ್ಮಿಕರ ಹಾಜರಾತಿ ಹಾಕುವ ಜಾಗಕ್ಕೆ ಆಕೆ ಒಬ್ಬರೇ ಬರುತ್ತಿದ್ದರು. ಸ್ವೆಟರ್ ಹಾಕಿಕೊಂಡು, ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಕೈಯಲ್ಲೊಂದು ಉದ್ದನೆಯ ನೋಟ್‌ಬುಕ್ಕು. ನೋಡನೋಡುತ್ತಲೇ ಒಬ್ಬ ಹೆಂಗಸು ತನ್ನ ಅಧಿಕಾರವನ್ನು ತಾನೇ ಕೈಗೆ ತೆಗೆದುಕೊಂಡದ್ದನ್ನು ನಾನು ಕಂಡದ್ದು ಆಗ.

ಅವರೇನೂ ದೇವತೆಯಾಗಿರಲಿಲ್ಲ. ಹುಟ್ಟುಹಬ್ಬಕ್ಕೆ ಬೀದಿ ತುಂಬ ಫ್ಲೆಕ್ಸು ಹಾಕಿಸಿದ್ದರು. ಚೆನ್ನಾಗಿದ್ದ ಫುಟ್‌ಪಾತನ್ನು ಅಗೆಸಿ ಮತ್ತೆ ಟೈಲ್ಸ್ ಹಾಕಿಸಿದರು. ಆ ಬಿಲ್ಲಿನ ಬಗ್ಗೆ ಬೀದಿಯಲ್ಲಿ ಬಹಳ ಮಾತು ನಡೆಯಿತು, ಅದನ್ನು ನಾನು ಮರೆತಿಲ್ಲ. ಕಾರ್ಪೊರೇಟರುಗಳು ಎಂದರೆ ಕಂಟ್ರಾಕ್ಟು, ಕಮಿಷನ್ನು ಎಂದು ಮೂಗು ಮುರಿಯುವವರ ಮಾತಿನಲ್ಲಿ ಸತ್ಯವಿದೆ. ಆದರೆ ಆ ಹಸಿರು ಗೇಟಿನ ಮುಂದೆ ನಿಂತು ನಾನು ಜೋರಾಗಿ ಬೈದಿದ್ದೇನೆ. ಬೈಸಿಕೊಂಡವರು ಮರುದಿನ ಅದೇ ಬೀದಿಯಲ್ಲಿ, ಅದೇ ತರಕಾರಿ ಗಾಡಿಯ ಹತ್ತಿರ ನನ್ನೆದುರಿಗೆ ಸಿಗಲೇಬೇಕಿತ್ತು. ಐದು ವರ್ಷಕ್ಕೊಮ್ಮೆ ನನ್ನ ಬಾಗಿಲಿಗೆ ಬಂದು ಕೈ ಮುಗಿಯಲೇಬೇಕಿತ್ತು. ಈಗ ಅವರ ಜಾಗದಲ್ಲಿ ಕೂತಿರುವ ಆಡಳಿತಾಧಿಕಾರಿಯನ್ನು ನಾನು ಎಲ್ಲಿ ಹುಡುಕಿ ಬೈಯಲಿ?

2020ರ ಸೆಪ್ಟೆಂಬರ್ 10ಕ್ಕೆ ನಮ್ಮ ಕಾರ್ಪೊರೇಟರ್ ಇದ್ದ ಪಾಲಿಕೆ ಕೌನ್ಸಿಲ್ಲಿನ ಅವಧಿ ಮುಗಿಯಿತು. 198 ವಾರ್ಡಿನ 198 ಸದಸ್ಯರೂ ಮನೆಗೆ ಹೋದರು, ಕಡೆಯ ಮೇಯರ್ ಎಂ. ಗೌತಮ್ ಕುಮಾರ್ ಕುರ್ಚಿ ಬಿಟ್ಟರು, ಆಡಳಿತಾಧಿಕಾರಿ ಬಂದರು. ಕೊರೋನಾ ಕಾಲ, ಚುನಾವಣೆ ನಾಲ್ಕಾರು ತಿಂಗಳು ಮುಂದೆ ಹೋದರೆ ಹೋಗಲಿ ಎಂದು ನಾವೂ ಸುಮ್ಮನಿದ್ದೆವು. ನಾನು ಇದನ್ನು ಬರೆಯುತ್ತಿರುವುದು 2025ರ ಡಿಸೆಂಬರಿನಲ್ಲಿ. ಒಂದು ಕೌನ್ಸಿಲ್ಲು ಹುಟ್ಟಿ, ಐದು ವರ್ಷ ಆಳಿ, ಮನೆಗೆ ಹೋಗುವಷ್ಟು ಕಾಲ ಕಳೆದುಹೋಗಿದೆ.

ಈ ವಿಷಯದಲ್ಲಿ ಸಂವಿಧಾನ ಎರಡು ಅರ್ಥಕ್ಕೆ ಎಡೆಯೇ ಕೊಟ್ಟಿಲ್ಲ. 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಅದು ಸೇರಿಸಿದ 243ಯು ವಿಧಿಯ ಪ್ರಕಾರ ನಗರಸಭೆ, ಪಾಲಿಕೆಗಳ ಆಯುಸ್ಸು ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಐದು ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆದು ಮುಗಿದಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು. 2006ರಲ್ಲೇ ಅಹಮದಾಬಾದಿನ ಪಾಲಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿದೆ. 2020ರ ಡಿಸೆಂಬರ್ 4ರಂದು ನಮ್ಮ ಹೈಕೋರ್ಟು 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದು ಆದೇಶ ಕೊಟ್ಟಿತು. ಸರ್ಕಾರ ದೆಹಲಿಗೆ ಹೋಯಿತು, ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. ಅಲ್ಲಿಂದ ಮುಂದೆ ಲೆಕ್ಕ ಬದಲಾಗುತ್ತಲೇ ಹೋಯಿತು. 198 ಇದ್ದ ವಾರ್ಡುಗಳು 2022ರಲ್ಲಿ 243 ಆದವು. 2023ರಲ್ಲಿ ಸರ್ಕಾರ ಬದಲಾಗಿ 225 ಆದವು. 2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು, ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾದವು, ಆ ತಿಂಗಳ ಕೊನೆಗೆ ಹೊರಬಿದ್ದ ಕರಡಿನಲ್ಲಿ 368 ವಾರ್ಡು, ನವೆಂಬರಿನ ಅಂತಿಮ ಪಟ್ಟಿಯಲ್ಲಿ 369. ಪ್ರತಿಸಲ ಗೆರೆ ಬದಲಾದಾಗಲೂ ಮತದಾರರ ಪಟ್ಟಿ ಹೊಸದಾಗಿ ಆಗಬೇಕು, ಮೀಸಲಾತಿ ಹೊಸದಾಗಿ ಆಗಬೇಕು, ಅದರ ಮೇಲೆ ಆಕ್ಷೇಪಣೆ, ಅದರ ಮೇಲೆ ಕೋರ್ಟು. ಗೆರೆ ಎಳೆಯುವ ಕೆಲಸ ಚುನಾವಣೆಗೆ ಮೊದಲು ಮುಗಿಯಬೇಕಾದದ್ದು. ನಮ್ಮಲ್ಲಿ ಅದು ಚುನಾವಣೆಯ ಜಾಗವನ್ನೇ ಆಕ್ರಮಿಸಿಕೊಂಡು ಕೂತಿದೆ.

ಇದರಲ್ಲಿ ಒಂದು ಪಕ್ಷವನ್ನು ಬೈದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಈ ಐದು ವರ್ಷದಲ್ಲಿ ಯಡಿಯೂರಪ್ಪ, ಬೊಮ್ಮಾಯಿ, ಸಿದ್ದರಾಮಯ್ಯ, ಮೂವರು ಮುಖ್ಯಮಂತ್ರಿಗಳು ಆಗಿದ್ದಾರೆ. ಬಿಜೆಪಿಯೂ ಆಳಿದೆ, ಕಾಂಗ್ರೆಸ್ಸೂ ಆಳುತ್ತಿದೆ. ವಿರೋಧ ಪಕ್ಷದಲ್ಲಿದ್ದಾಗ ಎರಡೂ ಪಕ್ಷದವರು ಚುನಾವಣೆ ಎಲ್ಲಿ ಎಂದು ಕೇಳಿದ್ದಾರೆ, ಅಧಿಕಾರಕ್ಕೆ ಬಂದಾಗ ಎರಡೂ ಪಕ್ಷದವರು ಹೊಸ ನಕ್ಷೆ ಬಿಡಿಸಿದ್ದಾರೆ. ಬೆಂಗಳೂರಿಗೆ ಇದು ಹೊಸದೂ ಅಲ್ಲ. 2006ರ ನವೆಂಬರಿನಿಂದ 2010ರ ಏಪ್ರಿಲ್‌ವರೆಗೆ ಕೂಡ ಈ ಊರಿನಲ್ಲಿ ಕೌನ್ಸಿಲ್ ಇರಲಿಲ್ಲ. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡುವಾಗ ಆ ಹಳ್ಳಿಗಳ ಪರವಾಗಿ ಮಾತಾಡಲು ಆಯ್ಕೆಯಾದ ಒಬ್ಬ ನಗರ ಸದಸ್ಯನೂ ಇರಲಿಲ್ಲ. ಅಂದು ಸೇರಿಕೊಂಡ ಆ 110 ಹಳ್ಳಿಗಳು ಕುಡಿಯುವ ನೀರಿಗೂ ಒಳಚರಂಡಿಗೂ ಎಷ್ಟು ವರ್ಷ ಕಾದವು ಎಂದು ಅಲ್ಲಿಯವರನ್ನೇ ಕೇಳಬೇಕು.

ಯಾಕೆ ಹೀಗೆ ಎಂದು ನಾನು ಬಹಳ ಯೋಚನೆ ಮಾಡಿದ್ದೇನೆ. ನನಗೆ ಸಿಕ್ಕ ಉತ್ತರ ಇದು. ಬೆಂಗಳೂರಿನ ದುಡ್ಡನ್ನೂ ಜಮೀನನ್ನೂ ಊರಿನವರ ಕೈಗೆ ಬಿಟ್ಟುಕೊಡಲು ವಿಧಾನಸೌಧಕ್ಕೆ ಮನಸ್ಸಿಲ್ಲ. ಶಾಸಕರಿಗೂ ಮನಸ್ಸಿಲ್ಲ. ಬೆಂಗಳೂರು ನಗರ ಜಿಲ್ಲೆಯಲ್ಲಿ ಇಪ್ಪತ್ತೆಂಟು ವಿಧಾನಸಭಾ ಕ್ಷೇತ್ರಗಳಿವೆ. ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ರಸ್ತೆಗೆ ಡಾಂಬರು ಹಾಕಿಸುವವರೂ ಶಾಸಕರೇ, ಪಾರ್ಕಿಗೆ ಬೇಲಿ ಹಾಕಿಸುವವರೂ ಅವರೇ, ಗುದ್ದಲಿ ಪೂಜೆಗೂ ಅವರೇ. ಕಾನೂನು ಮಾಡಲೆಂದು ನಾವು ಕಳಿಸಿದವರು ಮೋರಿ ಚಪ್ಪಡಿಗೂ ಒಡೆಯರಾಗಿದ್ದಾರೆ. ಕೆಳಗೆ ಬೆಳೆದು ಬರುವ ಕಾರ್ಪೊರೇಟರ್ ನಾಳೆ ಟಿಕೆಟ್ಟಿಗೆ ಎದುರು ನಿಲ್ಲುತ್ತಾನೆ ಎಂಬ ಭಯವೂ ಉಂಟು. ನಮ್ಮ ಶಾಸಕರಲ್ಲಿ ಎಷ್ಟೋ ಜನ ಒಂದು ಕಾಲದಲ್ಲಿ ಇದೇ ಪಾಲಿಕೆಯ ಸದಸ್ಯರಾಗಿದ್ದವರು. ತಾವು ಹತ್ತಿ ಬಂದ ಏಣಿ ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿದೆ.

ಮೈಸೂರಿನಲ್ಲಿ ನನ್ನ ತಂಗಿ ಇದ್ದಾಳೆ. ಅಜ್ಜಿ ಬಿದ್ದ ವಿಷಯ ಹೇಳಿದಾಗ ಅವಳು, “ನಮ್ಮಲ್ಲೇನು ಬೇರೆ ಅಂದ್ಕೊಂಡ್ಯಾ ಅಕ್ಕಾ? ಇಲ್ಲೂ ಎರಡು ವರ್ಷದಿಂದ ಕಾರ್ಪೊರೇಟರ್ ಇಲ್ಲ” ಅಂದಳು. ನಿಜ, ಅಲ್ಲಿ 2018ರ ಆಗಸ್ಟ್ 31ರಂದು ಮತದಾನ ಆಗಿದ್ದು, 2023ರ ನವೆಂಬರಿಗೆ ಅವಧಿ ಮುಗಿಯಿತು. ಶಿವಮೊಗ್ಗ, ತುಮಕೂರಿನ ಕತೆಯೂ ಅದೇ. ಹಳ್ಳಿ ಕಡೆ ಹೋದರೆ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಲ್ಲಿ 2021ರಿಂದ ಚುನಾಯಿತ ಸದಸ್ಯರೇ ಇಲ್ಲ. ಇಡೀ ದೇಶಕ್ಕೆ ಪಂಚಾಯತ್ ರಾಜ್ ಎಂದರೇನು ಎಂದು ಎಂಬತ್ತರ ದಶಕದಲ್ಲಿ ತೋರಿಸಿಕೊಟ್ಟ ರಾಜ್ಯ ಇದು. ಅದನ್ನು ಜಾರಿಗೆ ತಂದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ರಾಜ್ಯ. ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎಲ್ಲ ಕಡೆಯೂ ಹೀಗೇ ಎಂದು ಕೈ ಚೆಲ್ಲುವ ಹಾಗೂ ಇಲ್ಲ. ಚೆನ್ನೈನಲ್ಲಿ 2016ರಿಂದ 2022ರವರೆಗೆ ಕೌನ್ಸಿಲ್ ಇರಲಿಲ್ಲ, ಮುಂಬೈಯಲ್ಲಿ 2022ರ ಮಾರ್ಚಿನಿಂದ 2025 ಮುಗಿಯುವವರೆಗೆ ಇರಲಿಲ್ಲ, ಸರಿ. ಆದರೆ ಪಕ್ಕದ ಕೇರಳ ನೋಡಿ. 1995ರಿಂದ ಐದು ವರ್ಷಕ್ಕೊಮ್ಮೆ ತಪ್ಪದೆ ಸ್ಥಳೀಯ ಚುನಾವಣೆ. ನಾವು ಕೊರೋನಾ ಎಂದು ಮುಂದಕ್ಕೆ ಹಾಕಿಸಿಕೊಂಡ 2020ರ ಡಿಸೆಂಬರಿನಲ್ಲೇ ಅವರು ಮಾಸ್ಕು ಹಾಕಿಕೊಂಡು ಸಾಲಿನಲ್ಲಿ ನಿಂತು ಓಟು ಹಾಕಿದರು. ಈ ಡಿಸೆಂಬರಿನಲ್ಲಿ ಮತ್ತೆ ಹಾಕಿದರು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ದೂರದ ದೇಶಕ್ಕೆ ಹೋಗಬೇಕಾಗಿಲ್ಲ, ರಾತ್ರಿ ಬಸ್ಸು ಹತ್ತಿದರೆ ಸಾಕು.

ಅಧಿಕಾರಿಗಳ ಆಡಳಿತದಲ್ಲಿ ಒಳ್ಳೆಯದೇನೂ ಆಗಲಿಲ್ಲ ಎಂದರೆ ತಪ್ಪಾಗುತ್ತದೆ. 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ನಮ್ಮ ಬೀದಿ ಗುಡಿಸುವ ತಾಯಿ ಆ ಪತ್ರದ ಜೆರಾಕ್ಸು ಮಾಡಿಸಿ ಲ್ಯಾಮಿನೇಷನ್ ಹಾಕಿಸಿ ನನಗೆ ತಂದು ತೋರಿಸಿದಾಗ ಇಬ್ಬರ ಕಣ್ಣಲ್ಲೂ ನೀರು. ಅದು ಅವರ ಸಂಘದ ಎಷ್ಟೋ ವರ್ಷದ ಹೋರಾಟದ ಫಲ, ಸರ್ಕಾರ ಕೊನೆಗೂ ಮಣಿದದ್ದನ್ನು ಮೆಚ್ಚಲೇಬೇಕು. ಆದರೆ ಅದೇ ತಾಯಿಗೆ ಬೆಳಿಗ್ಗೆ ಆರಕ್ಕೆ ಹೋಗಲು ಒಂದು ಶೌಚಾಲಯ ನಮ್ಮ ವಾರ್ಡಿನಲ್ಲಿ ಇನ್ನೂ ಇಲ್ಲ, ಪರಿಚಯದವರ ಮನೆ ಬಾಗಿಲು ತಟ್ಟಬೇಕು. ಇಂಥದ್ದು ಬಜೆಟ್ಟಿನ ಪುಸ್ತಕದಲ್ಲಿ ಕಾಣುವುದಿಲ್ಲ. ವಾರ್ಡಿನಲ್ಲಿ ದಿನಾ ಓಡಾಡುವವರಿಗೆ ಮಾತ್ರ ಕಾಣುತ್ತದೆ, ಅವರು ಎದ್ದು ನಿಂತು ಹೇಳಲು ಒಂದು ಸಭೆ ಬೇಕಾಗುತ್ತದೆ.

ಆ ಸಭೆ ನಡೆಯುತ್ತಿದ್ದ ಜಾಗ ಹಡ್ಸನ್ ಸರ್ಕಲ್ಲಿನ ಕೇಂದ್ರ ಕಚೇರಿಯ ಆವರಣದಲ್ಲಿದೆ, ಕೆಂಪೇಗೌಡ ಪೌರಸಭಾಂಗಣ. ಬಹಳ ವರ್ಷದ ಹಿಂದೆ ಒಮ್ಮೆ ಅಲ್ಲಿ ಗ್ಯಾಲರಿಯಲ್ಲಿ ಕೂತು ನೋಡಿದ್ದೇನೆ. ಗದ್ದಲ ಕೇಳಬಾರದು. ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು, ಒಬ್ಬರು ಕಾಗದ ಹರಿದು ಎಸೆದರು. ಅದರ ನಡುವೆ ಒಬ್ಬ ಸದಸ್ಯೆ ಎದ್ದು ತಮ್ಮ ವಾರ್ಡಿನ ಹೆರಿಗೆ ಆಸ್ಪತ್ರೆಯಲ್ಲಿ ರಾತ್ರಿ ವೇಳೆ ಡಾಕ್ಟರು ಇರುವುದಿಲ್ಲ, ಬಸುರಿಯರನ್ನು ಆಟೊದಲ್ಲಿ ವಾಣಿವಿಲಾಸಕ್ಕೆ ಸಾಗಿಸುತ್ತಿದ್ದಾರೆ, ಇದಕ್ಕೆ ಉತ್ತರ ಬೇಕು ಎಂದು ಪಟ್ಟು ಹಿಡಿದರು. ಉತ್ತರ ಸಿಗುವವರೆಗೂ ಕೂರಲಿಲ್ಲ. ಕಮಿಷನರು ಎದ್ದು ನಿಂತು ಉತ್ತರ ಹೇಳಬೇಕಾಯಿತು. ಆ ದಿನದ ಗದ್ದಲವೆಲ್ಲ ನನಗೆ ಮರೆತಿದೆ, ಕಮಿಷನರು ಎದ್ದು ನಿಂತದ್ದು ಮಾತ್ರ ನೆನಪಿದೆ.

ಆ ಕಚೇರಿಯ ಹತ್ತಿರವೇ ಪುಟ್ಟಣ್ಣಚೆಟ್ಟಿ ಪುರಭವನ. 1935ರ ಆ ಕಟ್ಟಡಕ್ಕೆ ಹೆಸರು ಬಂದದ್ದು ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿದ್ದ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಿಂದ. ಮಹಾರಾಜರ ಕಾಲದಲ್ಲೂ ಪುರಸಭೆಗೊಂದು ಮರ್ಯಾದೆ ಇತ್ತು. 2025–26ರ ಪಾಲಿಕೆ ಬಜೆಟ್ಟನ್ನು ಅಧಿಕಾರಿಗಳು ಮಂಡಿಸಿದ್ದು ಆ ಪುರಭವನದಲ್ಲೇ. ಸುಮಾರು 19,900 ಕೋಟಿ ರೂಪಾಯಿ. ನಮ್ಮ ಮನೆ ತೆರಿಗೆಯೂ ಹೂವಿನಜ್ಜಿಯ ಮನೆ ತೆರಿಗೆಯೂ ಸೇರಿದ ದುಡ್ಡು. ಅದರ ಒಂದು ಸಾಲನ್ನಾದರೂ “ಇದು ಬೇಡ, ಅದು ಬೇಕು” ಎನ್ನಲು ಊರಿನ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಸರ್ಕಾರದ ಒಂದು ಯೋಜನೆಯನ್ನೇ ನೋಡಿ: ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು ಹದಿನೇಳು ಕಿಲೊಮೀಟರ್ ಸುರಂಗ ರಸ್ತೆ, ಹದಿನೇಳು ಸಾವಿರ ಕೋಟಿಗೂ ಮೇಲೆ. ನನಗೆ ಆ ಯೋಜನೆ ಬೇಡ. ಕಾರಿನಲ್ಲಿ ಹೋಗುವ ಕೆಲವರಿಗಾಗಿ ಅಷ್ಟು ದುಡ್ಡು ಸುರಿಯುವ ಬದಲು ಬಸ್ಸುಗಳನ್ನು ಹೆಚ್ಚಿಸಿ ಎನ್ನುವವಳು ನಾನು. ಬೇಕು ಎನ್ನುವವರೂ ಇದ್ದಾರೆ, ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಕಾರ್ಪೊರೇಟರೂ ನನ್ನ ಕಾರ್ಪೊರೇಟರೂ ಆ ಸಭಾಂಗಣದಲ್ಲಿ ಎದುರು ಬದುರು ನಿಂತು ವಾದಿಸಿ, ಕೈ ಎತ್ತಿಸಿ, ಎಣಿಸಿ, ನಾನು ಸೋತಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಈ ವರ್ಷ ಲಾಲ್‌ಬಾಗಿನ ಒಂದು ತುಂಡನ್ನು ಆ ಸುರಂಗಕ್ಕೆ ಬಿಟ್ಟುಕೊಡುವ ಮಾತು ಬಂದಾಗ ಜನ ಬೆಳಗಿನ ವಾಕಿಂಗ್ ಬಿಟ್ಟು ಬೋರ್ಡು ಹಿಡಿದು ನಿಂತರು. ಕೆಂಪೇಗೌಡರ ಗೋಪುರ ಹೊತ್ತಿರುವ ಆ ಬಂಡೆಗೆ ಮುನ್ನೂರು ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು. ಅದರ ಪರವಾಗಿ ಕೌನ್ಸಿಲ್ಲಿನಲ್ಲಿ ಏಳಬೇಕಾದ ದನಿ ಫುಟ್‌ಪಾತಿನ ಮೇಲೆ ಏಳಬೇಕಾಯಿತು.

ಹೊಸ ವ್ಯವಸ್ಥೆಯ ಬಗ್ಗೆ ನನಗೆ ಆಸೆ ಇಲ್ಲದಿಲ್ಲ. 2011ರ ಜನಗಣತಿಯ 84 ಲಕ್ಷವನ್ನು 198ಕ್ಕೆ ಹಂಚಿದರೆ ಒಬ್ಬ ಕಾರ್ಪೊರೇಟರಿಗೆ ನಲವತ್ತೆರಡು ಸಾವಿರ ಜನ. 369ಕ್ಕೆ ಹಂಚಿದರೆ ಇಪ್ಪತ್ತಮೂರು ಸಾವಿರದ ಒಳಗೆ. ಇಂದಿನ ಜನಸಂಖ್ಯೆ ಕೋಟಿ ದಾಟಿ ಎಷ್ಟೋ ಆಗಿದೆ, ಆದರೂ ವಾರ್ಡು ಚಿಕ್ಕದಾದಷ್ಟೂ ಹಸಿರು ಗೇಟು ಹತ್ತಿರವಾಗುತ್ತದೆ. ಮೇಯರ್ ಅವಧಿ ಒಂದು ವರ್ಷ ಇದ್ದದ್ದು ಎರಡೂವರೆ ವರ್ಷ ಆಗುತ್ತದೆ, ಅದೂ ಒಳ್ಳೆಯದೇ. ಒಂದು ವರ್ಷದಲ್ಲಿ ಯಾವ ಮೇಯರಿಗೂ ಫೈಲುಗಳ ಪರಿಚಯವೇ ಆಗುತ್ತಿರಲಿಲ್ಲ. ಆದರೆ ಐದು ಪಾಲಿಕೆಗಳ ಮೇಲೆ ಒಂದು ಪ್ರಾಧಿಕಾರ, ಅದಕ್ಕೆ ಅಧ್ಯಕ್ಷರು ಮುಖ್ಯಮಂತ್ರಿ. ಮನೆ ಯಜಮಾನಿಕೆ ಮಗಳಿಗೆ ಕೊಟ್ಟೆ ಎಂದು ಹೇಳಿ ಬೀರುವಿನ ಬೀಗದ ಕೈ ಮಾತ್ರ ಸೊಂಟದಲ್ಲೇ ಇಟ್ಟುಕೊಂಡರೆ ಹೇಗೆ?

ಕರಡು ನಕ್ಷೆ ಬಂದಾಗ ಅಕ್ಟೋಬರ್ ಮಧ್ಯದವರೆಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿತ್ತು. ಎದುರು ಮನೆಯ ಹುಡುಗಿ ಲ್ಯಾಪ್‌ಟಾಪು ತಂದಳು. ಅವಳಿಗೆ ಇಪ್ಪತ್ತಾರು, ಸಾಫ್ಟ್‌ವೇರಿನಲ್ಲಿ ಕೆಲಸ, ಇದೇ ಬೀದಿಯಲ್ಲಿ ಹುಟ್ಟಿ ಬೆಳೆದವಳು. ನಕ್ಷೆಯನ್ನು ದೊಡ್ಡದು ಮಾಡುತ್ತ ಮಾಡುತ್ತ ಹೋದೆವು. ದೊಡ್ಡದಾದಷ್ಟೂ ಅಕ್ಷರ ಮಸುಕು. ದೇವಸ್ಥಾನ, ನೀರಿನ ಟ್ಯಾಂಕು, ರಾಗಿ ಮಿಲ್ಲು ಯಾವುದೂ ಅದರಲ್ಲಿ ಇರಲಿಲ್ಲ. ಕೊನೆಗೆ ರಾಜಕಾಲುವೆಯ ನೀಲಿ ಗೆರೆ ಹಿಡಿದು, ಅದು ತಿರುಗುವ ಜಾಗದಿಂದ ಲೆಕ್ಕ ಹಾಕಿ ನಮ್ಮ ಬೀದಿಯನ್ನು ಪತ್ತೆ ಮಾಡಿದಳು. ಕೆಂಪು ಗೆರೆಯೊಂದು ಬೀದಿಯ ನಟ್ಟನಡುವೆ ಹಾದುಹೋಗಿತ್ತು. ಈ ಕಡೆ ಮನೆಗಳು ಒಂದು ವಾರ್ಡು, ಆ ಕಡೆ ಮನೆಗಳು ಇನ್ನೊಂದು. ಅವಳದೊಂದು, ನನ್ನದೊಂದು.

ಆಕ್ಷೇಪಣೆ ಬರೆಯುತ್ತ ಬರೆಯುತ್ತ ಅವಳು ಕೇಳಿದಳು: “ಆಂಟಿ, ಕಾರ್ಪೊರೇಟರ್ ಅಂದ್ರೆ ಎಂಎಲ್‌ಎ ಕೈ ಕೆಳಗೆ ಕೆಲಸ ಮಾಡೋರಾ?”

ನಾನು ಪೆನ್ನು ಕೆಳಗಿಟ್ಟೆ. ಅವಳಲ್ಲಿ ಹೇಗೆ ತಪ್ಪು ಹಿಡಿಯಲಿ? 2015ರ ಆಗಸ್ಟ್ 22ರಂದು ಈ ಊರು ಕಡೆಯ ಸಲ ಪಾಲಿಕೆಗೆ ಓಟು ಹಾಕಿದಾಗ ಅವಳು ಹೈಸ್ಕೂಲಿನಲ್ಲಿದ್ದಳು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ, ಇಪ್ಪತ್ತೇಳು ವರ್ಷದೊಳಗಿನ ಒಬ್ಬರೂ ತಮ್ಮ ಊರಿನ ಆಡಳಿತಕ್ಕೆ ಈವರೆಗೆ ಓಟು ಹಾಕಿಲ್ಲ. ಅವರು ಲೋಕಸಭೆಗೆ ಹಾಕಿದ್ದಾರೆ, ವಿಧಾನಸಭೆಗೆ ಹಾಕಿದ್ದಾರೆ. ದೆಹಲಿಯಲ್ಲಿ ಯಾರು ಕೂರಬೇಕೆಂದು ಹೇಳಿದ್ದಾರೆ. ತಮ್ಮ ಮನೆ ಮುಂದಿನ ದೀಪದ ಬಗ್ಗೆ ಹೇಳುವ ಅವಕಾಶ ಅವರಿಗೆ ಸಿಕ್ಕೇ ಇಲ್ಲ. ಪ್ರತಿ ತಿಂಗಳ ಮೊದಲ ಶನಿವಾರ ವಾರ್ಡ್ ಸಮಿತಿ ಸಭೆ ಎಂದು ಒಂದಿತ್ತು, ಅಲ್ಲಿ ಕಾರ್ಪೊರೇಟರೇ ಅಧ್ಯಕ್ಷರು, ಆಮೇಲೆ ಅವರ ಜಾಗದಲ್ಲಿ ನೋಡಲ್ ಅಧಿಕಾರಿ ಕೂತರು, ಎಂದೆಲ್ಲ ಹೇಳುತ್ತ ಹೋದೆ. ಅವಳು ಕೇಳಿದ ರೀತಿ ನೋಡಿದರೆ ನಾನು ನನ್ನ ಅಜ್ಜಿ ಕಾಲದ ಕತೆ ಹೇಳುತ್ತಿದ್ದೇನೆ ಎನಿಸಿತು. ಆಸ್ತಿ ಕಳೆದುಕೊಂಡವರು ಕೋರ್ಟಿಗಾದರೂ ಹೋಗುತ್ತಾರೆ. ತಮಗೊಂದು ಆಸ್ತಿ ಇತ್ತು ಎಂಬುದೇ ತಿಳಿಯದ ಮಕ್ಕಳು ಎಲ್ಲಿಗೆ ಹೋಗಬೇಕು?

ಆಕ್ಷೇಪಣೆ ಸಲ್ಲಿಸಿ ಬಂದೆವು. ಸ್ವೀಕೃತಿ ಸಿಕ್ಕಿತು, ಜೋಪಾನವಾಗಿ ಇಟ್ಟಿದ್ದೇನೆ. ನವೆಂಬರಿನ ಅಂತಿಮ ನಕ್ಷೆಯಲ್ಲೂ ಗೆರೆ ಬೀದಿಯ ನಡುವೆಯೇ ಇತ್ತು.

ಚಪ್ಪಡಿಯನ್ನು ಕೊನೆಗೆ ನಾವೇ ಹಾಕಿಸಿದೆವು. ಬೀದಿಯ ಹನ್ನೊಂದು ಮನೆಯವರು ದುಡ್ಡು ಹಾಕಿ, ಕಲ್ಲಿನ ಅಂಗಡಿಯಿಂದ ನಾಲ್ಕಿಂಚು ದಪ್ಪದ ಸಾದರಹಳ್ಳಿ ಕಲ್ಲು ತಂದು, ಇಬ್ಬರು ಕೂಲಿಯವರನ್ನು ಕರೆಸಿ ಕೂರಿಸಿದೆವು. ಹುಡುಗಿ ಫೋಟೊ ತೆಗೆದಳು. ಚೆನ್ನಾಗಿದೆ, ಗಟ್ಟಿಯಾಗಿದೆ, ಅಲುಗಾಡುವುದಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುವುದಿಲ್ಲ. ದುಡ್ಡು ಹಾಕುವ ಶಕ್ತಿ ನಮ್ಮ ಬೀದಿಗೆ ಇತ್ತು. ಕಾಲುವೆ ಆಚೆಯ ಕಾಲೋನಿಯಲ್ಲಿ, ಅಜ್ಜಿಯ ಮನೆ ಇರುವ ಕಡೆ, ಇಂಥ ಒಡೆದ ಚಪ್ಪಡಿ ಐದಾರು ಇವೆ. ಅಲ್ಲಿ ಹನ್ನೊಂದು ಮನೆಯವರು ಸೇರಿದರೂ ಒಂದು ಕಲ್ಲು ಬರುವುದಿಲ್ಲ. ಕಾರ್ಪೊರೇಟರ್ ಬೇಕಾದದ್ದು ಅಂಥವರಿಗೇ. ಇದ್ದವರು ಟ್ಯಾಂಕರ್ ತರಿಸಿಕೊಳ್ಳುತ್ತಾರೆ, ಜನರೇಟರ್ ಇಟ್ಟುಕೊಳ್ಳುತ್ತಾರೆ, ಅಪಾರ್ಟ್‌ಮೆಂಟಿಗೆ ಗೇಟು ಹಾಕಿಕೊಳ್ಳುತ್ತಾರೆ.

ಅಜ್ಜಿಯ ಕಾಲು ವಾಸಿಯಾಗಿದೆ. ಗಾಯದ ಜಾಗ ಕಪ್ಪಗಾಗಿದೆ, ಚಳಿಗೆ ಸ್ವಲ್ಪ ಎಳೆಯುತ್ತದಂತೆ. ಮೊನ್ನೆ ಸಂಜೆ ಹೂವು ಕಟ್ಟುತ್ತ, “ಓಟು ಯಾವಾಗಂತಮ್ಮ?” ಎಂದು ಕೇಳಿದರು. ಎಲೆಯಡಿಕೆ ಚೀಲದಿಂದ ಪ್ಲಾಸ್ಟಿಕ್ ಕವರು ಸುತ್ತಿದ ಓಟಿನ ಕಾರ್ಡು ತೆಗೆದು ತೋರಿಸಿದರು. ಹೋದ ಸಲ ಮಾರ್ಕೆಟ್ಟಿನಿಂದ ನೇರವಾಗಿ ಸ್ಕೂಲಿಗೆ ಹೋಗಿ, ಮೂಟೆ ಬಾಗಿಲಲ್ಲಿಟ್ಟು, ಮೊದಲನೇ ಓಟು ತಾವೇ ಹಾಕಿದ್ದಂತೆ. ಹುಡುಗಿ ಫೋನಿನಲ್ಲಿ ಹುಡುಕಿ, ಅಜ್ಜಿಯ ಹೊಸ ವಾರ್ಡಿನ ನಂಬರನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಳು.

“ಅಜ್ಜೀ, ನಿಮ್ಮ ಓಟು ರಸ್ತೆ ಆ ಕಡೆ ವಾರ್ಡಿಗೆ ಬರುತ್ತೆ.”

“ನಾನ್ ಬಿದ್ದಿದ್ದು ಈ ಕಡೆ ಅಲ್ವಾ?” ಎಂದರು ಅಜ್ಜಿ. ಚೀಟಿಯನ್ನು ಓಟಿನ ಕಾರ್ಡಿನ ಜೊತೆ ಮಡಿಸಿ ಚೀಲಕ್ಕೆ ಹಾಕಿ, ಬಾಳೆನಾರು ನೀರಿನಲ್ಲಿ ಅದ್ದಿ, ಮುಂದಿನ ಮೊಳಕ್ಕೆ ಕೈ ಹಾಕಿದರು. ಹುಡುಗಿ ಇನ್ನೂ ನಕ್ಷೆ ನೋಡುತ್ತಲೇ ಇದ್ದಳು.